ಭಾನುವಾರದ ಶಾಲೆಯ ತರುಣ ಬೋಧಕರು: ಹೊರನಾಡ ಕನ್ನಡ ಕ್ರೈಸ್ತ ಸಭೆಗಳಲ್ಲಿ ಮಾತು ಮತ್ತು ಲಿಪಿ

ಮುಂಬಯಿ, ಪುಣೆ, ಹೈದರಾಬಾದುಗಳಂತಹ ನಗರಗಳಲ್ಲಿ ಕನ್ನಡದಲ್ಲಿ ಆರಾಧನೆ ನಡೆಸುವ ಕ್ರೈಸ್ತ ಸಭೆಗಳಿವೆ. ಭಾನುವಾರ ಹಿರಿಯರು ದೇವಾಲಯದಲ್ಲಿ ಸೇರುವ ಹೊತ್ತಿನಲ್ಲಿ, ಅಥವಾ ಅದಕ್ಕೆ ಒಂದು ಗಂಟೆ ಮೊದಲು, ಪಕ್ಕದ ಕೋಣೆಯಲ್ಲಿಯೋ ಹಜಾರದ ಮೂಲೆಯಲ್ಲಿಯೋ ಇನ್ನೊಂದು ಚಿಕ್ಕ ಸಭೆ ಕೂಡುತ್ತದೆ. ಅಲ್ಲಿ ಕುಳಿತವರು ೪ರಿಂದ ೧೪ ವರ್ಷದ ಮಕ್ಕಳು. ಅವರೆದುರು ನಿಂತವರು ಹೆಚ್ಚಾಗಿ ೧೮ರಿಂದ ೨೫ರ ಒಳಗಿನ ತರುಣ ತರುಣಿಯರು. ವಾರವೆಲ್ಲ ಕಾಲೇಜಿಗೋ ಕಚೇರಿಗೋ ಹೋಗಿಬರುವ ಈ ಯುವಜನರು ತಮಗಿರುವ ಒಂದು ರಜೆಯ ದಿನದ ಬೆಳಗನ್ನು ಮಕ್ಕಳಿಗೆ ಹಾಡು, ಕಥೆ, ಪ್ರಾರ್ಥನೆಗಳನ್ನು ಕಲಿಸುವುದಕ್ಕೆ ಮೀಸಲಿಡುತ್ತಾರೆ. ಇದಕ್ಕೆ ಸಂಬಳವಿಲ್ಲ, ಪದವಿಯಿಲ್ಲ, ಹೊರಗಿನವರ ಗಮನವೂ ಇಲ್ಲ. ಸಾಮಾನ್ಯವಾಗಿ ಸಂಡೆ ಸ್ಕೂಲ್ ಎಂದೂ, ಉತ್ತರ ಕರ್ನಾಟಕದ ಮೂಲದವರಲ್ಲಿ ರವಿವಾರದ ಶಾಲೆ ಎಂದೂ ಕರೆಯಲ್ಪಡುವ ಸಂಸ್ಥೆ ಇದು.

ಕನ್ನಡ ಅಧ್ಯಯನಕ್ಕೆ ಮೀಸಲಾದ ಪುಟಗಳಲ್ಲಿ ಈ ವಿಷಯಕ್ಕೆ ಸ್ಥಾನವೇನೆಂಬ ಪ್ರಶ್ನೆ ಸಹಜ. ಮತಧರ್ಮದ ಬೋಧನೆಯ ಗುಣದೋಷ ವಿಚಾರ ನಮ್ಮ ಉದ್ದೇಶವಲ್ಲ. ಕರ್ನಾಟಕದ ಹೊರಗೆ ಬೆಳೆಯುತ್ತಿರುವ ಎಷ್ಟೋ ಕನ್ನಡ ಕ್ರೈಸ್ತ ಮಕ್ಕಳಿಗೆ ಮನೆಯ ಹೊರಗೆ ಕನ್ನಡವು ಕ್ರಮಬದ್ಧವಾಗಿ ಕಿವಿಗೆ ಬೀಳುವ ಏಕೈಕ ಸ್ಥಳ ಈ ಶಾಲೆಯೇ ಆಗಿದೆ; ಅಲ್ಲಿ ಕನ್ನಡದ ಏಕೈಕ ಶಿಕ್ಷಕರು ಈ ತರುಣರೇ ಆಗಿದ್ದಾರೆ. ಅಕ್ಷರ ಕಲಿಸುವುದಕ್ಕಾಗಿಯೇ ಹುಟ್ಟಿದ ಈ ಶಾಲೆ ಅಕ್ಷರವನ್ನು ಬಿಟ್ಟುಕೊಟ್ಟದ್ದು ಹೇಗೆ, ಹೊರನಾಡಿನಲ್ಲಿ ಆ ಹೊಣೆ ಮತ್ತೆ ಅದರ ಬಾಗಿಲಿಗೆ ಬಂದು ನಿಂತದ್ದು ಹೇಗೆ, ಅದನ್ನು ಹೊರಬೇಕಾದ ತರುಣರ ಸ್ಥಿತಿ ಏನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಶಾಲೆಯ ಸ್ವರೂಪ

ಮೊದಲು ಈ ಶಾಲೆಯ ಕಾರ್ಯವಿಧಾನವನ್ನು ಸ್ಥೂಲವಾಗಿ ತಿಳಿಯುವುದು ಅಗತ್ಯ. ಮಕ್ಕಳನ್ನು ವಯಸ್ಸಿಗನುಸಾರವಾಗಿ ಎರಡು ಮೂರು ತರಗತಿಗಳಾಗಿ ವಿಂಗಡಿಸುತ್ತಾರೆ. ಆರಂಭದಲ್ಲಿ ಎಲ್ಲರೂ ಒಟ್ಟಾಗಿ ಅಭಿನಯಸಹಿತ ಹಾಡುಗಳನ್ನು ಹಾಡುತ್ತಾರೆ; ಬಳಿಕ ಚಿಕ್ಕ ಪ್ರಾರ್ಥನೆ; ಅನಂತರ ತರಗತಿಗಳಾಗಿ ಬೇರ್ಪಟ್ಟು ಬೈಬಲಿನ ಒಂದು ಕಥೆಯನ್ನು ಕೇಳುತ್ತಾರೆ. ಕಥೆಯ ಕೊನೆಗೆ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸುವುದು ಕಡ್ಡಾಯ. ವರ್ಷಕ್ಕೊಮ್ಮೆ ಪರೀಕ್ಷೆ, ಕ್ರಿಸ್‌ಮಸ್ ಸಮಯದಲ್ಲಿ ಮಕ್ಕಳ ರೂಪಕ, ಬೇಸಿಗೆ ರಜೆಯಲ್ಲಿ ವಾರ ಹತ್ತು ದಿನಗಳ ವಿಶೇಷ ಶಿಬಿರ ಇವು ಇದರ ಇತರ ಅಂಗಗಳು.

ವಿ.ಬಿ.ಎಸ್. ಎಂದೇ ಜನಜನಿತವಾಗಿರುವ ಈ ರಜಾಕಾಲದ ಬೈಬಲ್ ಶಾಲೆಯ ಮೂಲ ೧೮೯೮ರ ನ್ಯೂಯಾರ್ಕ್ ನಗರದಲ್ಲಿದೆ. ಬೇಸಿಗೆಯಲ್ಲಿ ಬೀದಿಪಾಲಾಗುತ್ತಿದ್ದ ಬಡವರ ಮಕ್ಕಳಿಗಾಗಿ ಎಲೈಜಾ ಹಾಸ್ ಎಂಬ ಮಹಿಳೆ ಅದನ್ನು ಆರಂಭಿಸಿದಳು. ೧೯೦೧ರಿಂದ ರಾಬರ್ಟ್ ಬೋವಿಲ್ ಎಂಬಾತ ರಜೆಯಲ್ಲಿದ್ದ ಕಾಲೇಜು ವಿದ್ಯಾರ್ಥಿಗಳನ್ನೇ ಬೋಧಕರನ್ನಾಗಿ ತೊಡಗಿಸಿ ಅದನ್ನು ವಿಸ್ತರಿಸಿದನು. ಮಕ್ಕಳ ಬಿಡುವನ್ನೂ ಯುವಜನರ ಬಿಡುವನ್ನೂ ಒಂದೆಡೆ ಸೇರಿಸಿದ ಈ ಯೋಜನೆಯು ಇಂದು ನಮ್ಮ ನಗರಗಳಲ್ಲಿ ಏಪ್ರಿಲ್, ಮೇ ತಿಂಗಳುಗಳ ಪರಿಚಿತ ದೃಶ್ಯವಾಗಿದೆ.

ಇಲ್ಲಿ ಒಂದು ಪದಪ್ರಯೋಗವನ್ನು ಗಮನಿಸಬೇಕು. ಮಕ್ಕಳು ಬಾಯಿಪಾಠ ಮಾಡುವ ಬೈಬಲಿನ ವಾಕ್ಯಕ್ಕೆ ಕನ್ನಡ ಕ್ರೈಸ್ತರಲ್ಲಿ ‘ವಚನ’ ಎಂದೇ ಹೆಸರು. ಅಧ್ಯಾಯ, ವಚನ ಎಂಬ ಕ್ರಮದಲ್ಲಿ ಗ್ರಂಥಭಾಗವನ್ನು ಸೂಚಿಸುವುದು ಅಲ್ಲಿನ ರೂಢಿ. ಹನ್ನೆರಡನೆಯ ಶತಮಾನದ ಶರಣಸಾಹಿತ್ಯವನ್ನು ಕುರಿತು ವಚನ ಎಂಬ ಮಾತನ್ನು ಬಳಸುವ ನಮಗೆ ಇದು ಮೊದಲು ವಿಚಿತ್ರವೆನಿಸಬಹುದು. ಆದರೆ ನುಡಿದದ್ದು, ನುಡಿಯಬೇಕಾದದ್ದು, ನಾಲಗೆಯ ಮೇಲೆ ನಿಲ್ಲಬೇಕಾದದ್ದು ಎಂಬ ಅರ್ಥಚ್ಛಾಯೆ ಎರಡೂ ಕಡೆ ಸಮಾನವಾಗಿದೆ. ಪುಟ್ಟ ಮಗುವೊಂದು ಎದ್ದುನಿಂತು ಕಣ್ಣುಮುಚ್ಚಿ ವಚನ ಒಪ್ಪಿಸುವಾಗ ಕನ್ನಡದ ಹಳೆಯದೊಂದು ಕಲಿಕೆಯ ಕ್ರಮ ಅಲ್ಲಿ ಮುಂದುವರಿಯುತ್ತಿರುತ್ತದೆ.

೨. ಗ್ಲೌಸ್ಟರ್‌ನ ಆರಂಭ

ಭಾನುವಾರದ ಶಾಲೆಯು ಮೂಲತಃ ಧರ್ಮಪಾಠದ ತರಗತಿ ಮಾತ್ರವಾಗಿರಲಿಲ್ಲ. ಅದು ಕೂಲಿಮಕ್ಕಳ ಓದಿನ ಶಾಲೆಯಾಗಿತ್ತು. ಇಂಗ್ಲೆಂಡಿನ ಹೈ ವಿಕಂಬ್ ಎಂಬಲ್ಲಿ ೧೭೬೯ರಲ್ಲಿ ಹ್ಯಾನಾ ಬಾಲ್ ಎಂಬ ಮಹಿಳೆ ಇಂತಹ ಶಾಲೆಯೊಂದನ್ನು ನಡೆಸಿದ್ದುಂಟು. ಆದರೆ ಅದಕ್ಕೆ ಚಳವಳಿಯ ರೂಪ ಬಂದದ್ದು ಗ್ಲೌಸ್ಟರ್ ನಗರದ ರಾಬರ್ಟ್ ರೇಕ್ಸ್‌ನಿಂದ. ಆತ ಪಾದ್ರಿಯಲ್ಲ, ಮುದ್ರಕ, ‘ಗ್ಲೌಸ್ಟರ್ ಜರ್ನಲ್’ ಪತ್ರಿಕೆಯ ಒಡೆಯ. ಆ ನಗರದಲ್ಲಿ ಗುಂಡುಸೂಜಿ ತಯಾರಿಕೆಯ ಉದ್ಯಮವಿತ್ತು. ಆರು ದಿನ ದುಡಿದ ಮಕ್ಕಳು ಭಾನುವಾರ ಬೀದಿಗಳಲ್ಲಿ ಅಲೆಯುತ್ತಿದ್ದರು. ಅವರಿಗಾಗಿ ರೇಕ್ಸ್ ೧೭೮೦ರಲ್ಲಿ ಶಾಲೆ ತೆರೆದನು. ೧೭೮೩ರಲ್ಲಿ ಅದರ ವಿಚಾರವನ್ನು ತನ್ನ ಪತ್ರಿಕೆಯಲ್ಲಿ ಪ್ರಕಟಿಸಿದನು. ದುಡಿಯುವ ಮಗುವಿಗೆ ಬಿಡುವಿದ್ದುದು ಭಾನುವಾರ ಮಾತ್ರ. ಆದ್ದರಿಂದಲೇ ಅದು ಭಾನುವಾರದ ಶಾಲೆ.

ಆರಂಭದಲ್ಲಿ ಕಲಿಸುವವರಿಗೆ ದಿನಕ್ಕೊಂದು ಶಿಲ್ಲಿಂಗ್ ಕೂಲಿ ಇತ್ತು. ಶಾಲೆಗಳು ಹೆಚ್ಚಿದಂತೆ ಈ ವೆಚ್ಚ ಭಾರವಾಯಿತು. ಆಗ ಸಂಬಳವಿಲ್ಲದೆ ಕಲಿಸುವ ಯುವಜನರು ಮುಂದೆ ಬಂದರು. ಅವರಲ್ಲಿ ಅನೇಕರು ಅದೇ ಶಾಲೆಗಳಲ್ಲಿ ಓದಿದವರು. ನಿನ್ನೆಯ ಶಿಷ್ಯರೇ ಇಂದಿನ ಬೋಧಕರು. ಇಂತಹ ಬೋಧಕರ ಪರಸ್ಪರ ಸಹಾಯಕ್ಕಾಗಿ ೧೮೦೩ರಲ್ಲಿ ಲಂಡನ್ನಿನಲ್ಲಿ ಸಂಡೆ ಸ್ಕೂಲ್ ಯೂನಿಯನ್ ಸ್ಥಾಪನೆಯಾದಾಗ ಅದರ ಮುಂದಾಳುಗಳಲ್ಲಿ ಒಬ್ಬನಾದ ವಿಲಿಯಂ ಬ್ರಾಡಿ ಗರ್ನಿಗೆ ೨೫ ವರ್ಷ ವಯಸ್ಸು. ೧೮೩೧ರ ಹೊತ್ತಿಗೆ ಬ್ರಿಟನ್ನಿನ ಇಂತಹ ಶಾಲೆಗಳಲ್ಲಿ ಸುಮಾರು ೧೨ ಲಕ್ಷ ಮಕ್ಕಳಿದ್ದರು. ತರುಣರ ಉಚಿತ ದುಡಿಮೆ ಇಲ್ಲದಿದ್ದರೆ ಈ ಪ್ರಮಾಣದ ಕಾರ್ಯ ಅಸಾಧ್ಯವಾಗುತ್ತಿತ್ತು.

ಈ ಚರಿತ್ರೆಯಲ್ಲಿ ನಮಗೆ ಮುಖ್ಯವೆನಿಸುವ ಒಂದು ವಿವಾದವುಂಟು. ಓದು ಕಲಿಸುವುದಕ್ಕೆ ವಿಶೇಷ ವಿರೋಧವಿರಲಿಲ್ಲ, ಏಕೆಂದರೆ ಧರ್ಮಗ್ರಂಥವನ್ನು ಓದಬೇಕಾಗಿತ್ತು. ಬರೆಹ ಕಲಿಸಬಹುದೇ ಎಂಬಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಬರೆಹವು ಲೌಕಿಕ ವ್ಯವಹಾರದ ವಿದ್ಯೆ, ಸಬ್ಬತ್ ದಿನದಲ್ಲಿ ಅದು ಸಲ್ಲದು ಎಂದು ಮೆಥಡಿಸ್ಟ್ ಮುಖಂಡ ಜೇಬಜ್ ಬಂಟಿಂಗ್ ಮೊದಲಾದವರು ವಾದಿಸಿದರು. ಮಕ್ಕಳ ತಂದೆತಾಯಿಗಳಿಗಾದರೋ ಬರೆಹವೇ ಹೆಚ್ಚು ಬೇಕಾಗಿತ್ತು. ೧೮೭೦ರ ಪ್ರಾಥಮಿಕ ಶಿಕ್ಷಣ ಕಾಯಿದೆಯ ತರುವಾಯ ವಾರದ ಶಾಲೆಗಳು ಎಲ್ಲೆಡೆ ಹಬ್ಬಿ ಓದುಬರೆಹಗಳೆರಡನ್ನೂ ವಹಿಸಿಕೊಂಡವು. ಭಾನುವಾರದ ಶಾಲೆಗೆ ಧರ್ಮಪಾಠವಷ್ಟೇ ಉಳಿಯಿತು. ಅಕ್ಷರವನ್ನು ಅದು ಬಿಟ್ಟುಕೊಟ್ಟದ್ದು ಅಕ್ಷರ ಬೇಡವೆಂದಲ್ಲ, ಬೇರೆಯವರು ಕಲಿಸುತ್ತಾರೆಂಬ ಭರವಸೆಯಿಂದ. ಈ ಅಂಶವನ್ನು ನೆನಪಿನಲ್ಲಿಡಬೇಕು.

೩. ಮರಳಿನ ಮೇಲಿನ ಅಕ್ಷರ

ಚಿಕ್ಕವರಿಗೆ ಸ್ವಲ್ಪ ದೊಡ್ಡವರೇ ಕಲಿಸುವ ಕ್ರಮವನ್ನು ಪಾಶ್ಚಾತ್ಯರಿಂದ ಬಂದುದೆಂದು ಭಾವಿಸಬೇಕಾಗಿಲ್ಲ. ೧೭೮೯ರಲ್ಲಿ ಮದರಾಸಿನ ಎಗ್ಮೂರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ತೆರೆದ ಶಾಲೆಗೆ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮೇಲ್ವಿಚಾರಕನಾದನು. ಒಂದು ದೇಸಿ ಶಾಲೆಯ ಮುಂದೆ ಹಾದುಹೋಗುವಾಗ ಅಲ್ಲಿನ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿರುವುದನ್ನು ಆತ ಕಂಡನು. ಅದನ್ನು ತನ್ನ ಶಾಲೆಯಲ್ಲಿ ತರಬೇಕೆಂದಾಗ ವಯಸ್ಕ ಶಿಕ್ಷಕರು ಒಪ್ಪಲಿಲ್ಲ. ಆಗ ಎಂಟು ವರ್ಷದ ಒಬ್ಬ ವಿದ್ಯಾರ್ಥಿಗೇ ಕೆಳಗಿನ ತರಗತಿಯ ಅಕ್ಷರಾಭ್ಯಾಸವನ್ನು ಒಪ್ಪಿಸಿದನು, ಪ್ರಯೋಗ ಸಫಲವಾಯಿತು. ೧೭೯೭ರಲ್ಲಿ ಬೆಲ್ ಲಂಡನ್ನಿನಲ್ಲಿ ಇದರ ವರದಿಯನ್ನು ಪ್ರಕಟಿಸಿದನು. ಮದರಾಸು ಪದ್ಧತಿ ಎಂಬ ಹೆಸರಿನಿಂದ ಅದು ಇಂಗ್ಲೆಂಡಿನ ಶಾಲೆಗಳನ್ನು ಪ್ರವೇಶಿಸಿತು. ನಮ್ಮ ಕೂಲಿಮಠಗಳಲ್ಲಿಯೂ ಅಯ್ಯನವರ ಮೇಲ್ವಿಚಾರಣೆಯಲ್ಲಿ ಹಿರಿಯ ಹುಡುಗರೇ ಕಿರಿಯರಿಗೆ ಓಂನಾಮ ತಿದ್ದಿಸುತ್ತಿದ್ದುದು ಹಿರಿಯರಿಗೆ ತಿಳಿದ ಸಂಗತಿ.

ಇದಕ್ಕಿಂತ ಎರಡೂವರೆ ಶತಮಾನ ಮೊದಲು, ೧೫೪೨ರಲ್ಲಿ ಗೋವೆಗೆ ಬಂದ ಫ್ರಾನ್ಸಿಸ್ ಕ್ಸೇವಿಯರ್ ಬೀದಿಗಳಲ್ಲಿ ಗಂಟೆ ಬಾರಿಸುತ್ತ ಮಕ್ಕಳನ್ನು ಕರೆದು ಪ್ರಾರ್ಥನೆಗಳನ್ನು ಕಲಿಸುತ್ತಿದ್ದನು. ಅನಂತರ ತಮಿಳು ಕರಾವಳಿಯಲ್ಲಿ ಕಲಿತ ಮಕ್ಕಳನ್ನೇ ಮನೆಮನೆಗೆ ಕಳುಹಿಸಿ ಇತರರಿಗೆ ಹೇಳಿಕೊಡಿಸಿದನು. ಬಂಗಾಳದ ಶ್ರೀರಾಂಪುರದಲ್ಲಿ ೧೮೦೩ರಲ್ಲಿ ಭಾನುವಾರದ ಶಾಲೆಯನ್ನು ಆರಂಭಿಸಿದವರು ವಿಲಿಯಂ ಕೇರಿಯ ಮಕ್ಕಳಾದ ಫೀಲಿಕ್ಸ್, ವಿಲಿಯಂ ಮತ್ತು ಅವರ ಗೆಳೆಯ ಜಾನ್ ಫರ್ನಾಂಡಿಸ್. ಆಗ ಫೀಲಿಕ್ಸನ ವಯಸ್ಸು ಇನ್ನೂ ಇಪ್ಪತ್ತನ್ನು ಮುಟ್ಟಿರಲಿಲ್ಲ, ತಮ್ಮನು ಅವನಿಗಿಂತ ಕಿರಿಯ. ೧೮೭೬ರಲ್ಲಿ ಅಲಹಾಬಾದಿನಲ್ಲಿ ಅಖಿಲ ಭಾರತ ಮಟ್ಟದ ಸಂಡೆ ಸ್ಕೂಲ್ ಯೂನಿಯನ್ ಸ್ಥಾಪಿತವಾಗುವ ವೇಳೆಗೆ ಈ ಪದ್ಧತಿ ದೇಶದ ನಾನಾ ಭಾಷೆಗಳಲ್ಲಿ ಬೇರೂರಿತ್ತು.

ಈ ಎಲ್ಲ ನಿದರ್ಶನಗಳಲ್ಲಿ ಕಾಣುವ ತತ್ತ್ವ ಒಂದೇ. ಕಲಿಯುವವನಿಗೂ ಕಲಿಸುವವನಿಗೂ ಅಂತರ ಕಡಮೆಯಿದ್ದರೆ ಕಲಿಕೆ ಸುಲಭವಾಗುತ್ತದೆ. ತಾನು ನಿನ್ನೆ ಎಲ್ಲಿ ಎಡವಿದೆನೆಂಬುದು ತರುಣ ಬೋಧಕನಿಗೆ ಇನ್ನೂ ನೆನಪಿರುತ್ತದೆ. ಆದರೆ ಈ ತತ್ತ್ವಕ್ಕೆ ಒಂದು ನಿಬಂಧನೆಯುಂಟು: ಬೋಧಕನು ಶಿಷ್ಯನಿಗಿಂತ ಒಂದು ಹೆಜ್ಜೆಯಾದರೂ ಮುಂದಿರಬೇಕು.

೪. ಕನ್ನಡ ನಾಡಿನಲ್ಲಿ

ಕನ್ನಡನಾಡಿನಲ್ಲಿ ಈ ಕಾರ್ಯದ ಇತಿಹಾಸವು ಮುದ್ರಣದ ಇತಿಹಾಸದೊಡನೆ ಹೆಣೆದುಕೊಂಡಿದೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ ೧೮೩೧ರ ಸುಮಾರಿಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ದೊರೆಯಿತು. ೧೮೩೪ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ೧೮೩೬ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗನಿಗೆ ಆಗ ೨೫ ವರ್ಷ. ೧೮೫೩ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲನಿಗೆ ೨೧. ‘ಮಂಗಳೂರು ಸಮಾಚಾರ’ದ ಸಂಪಾದಕ, ೧೮೯೪ರ ಮಹಾನಿಘಂಟುವಿನ ಕರ್ತೃ ಎಂದು ನಾವು ಇವರನ್ನು ಹಿರಿಯರನ್ನಾಗಿ ಕಲ್ಪಿಸಿಕೊಳ್ಳುತ್ತೇವೆ. ಬಂದಾಗ ಇವರು ಇಂದಿನ ಸಂಡೆ ಸ್ಕೂಲ್ ಬೋಧಕರ ಓರಗೆಯವರೇ ಆಗಿದ್ದರು.

ಇವರು ಕನ್ನಡವನ್ನು ಹೇಗೆ ಕಲಿತರೆಂಬುದು ಇಲ್ಲಿ ಪ್ರಸ್ತುತ. ಕಲಿಸಬೇಕಾದವನು ಮೊದಲು ಆ ಜನರ ಸಾಹಿತ್ಯವನ್ನು ಅರಿಯಬೇಕೆಂಬ ನಿಲುವು ಅವರದಾಗಿತ್ತು. ಮೋಗ್ಲಿಂಗನು ೧೮೪೮ರಿಂದ ಹೊರತಂದ ‘ಬಿಬ್ಲಿಯೋಥಿಕ ಕರ್ನಾಟಿಕ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುದ್ರಣದ ಬೆಳಕು ಕಂಡವು. ಕಿಟ್ಟೆಲನು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದನು, ಯೇಸುವಿನ ಚರಿತ್ರೆಯನ್ನು ದೇಸೀ ಛಂದಸ್ಸಿನಲ್ಲಿ ನಿರೂಪಿಸುವ ‘ಕಥಾಮಾಲೆ’ಯನ್ನು ೧೮೬೨ರಲ್ಲಿ ಪ್ರಕಟಿಸಿದನು. ಹಾಡಿನ ಮೂಲಕವೇ ಕಥೆ ಜನರ ಮನಸ್ಸನ್ನು ಸೇರಬೇಕೆಂಬುದನ್ನು ಆತ ನಮ್ಮ ಮಧ್ಯಕಾಲೀನ ಕವಿಗಳಿಂದ ಕಲಿತಿದ್ದನೆಂದರೆ ತಪ್ಪಾಗಲಾರದು.

ಕನ್ನಡನಾಡಿನೊಳಗೆ ಭಾನುವಾರದ ಶಾಲೆ ಅಕ್ಷರದ ಬಗ್ಗೆ ಚಿಂತಿಸಬೇಕಾಗಿರಲಿಲ್ಲ. ಮಿಶನ್ನಿನ ದಿನದ ಶಾಲೆಗಳು, ಅನಂತರ ಸರಕಾರಿ ಶಾಲೆಗಳು ಆ ಕೆಲಸ ಮಾಡುತ್ತಿದ್ದವು. ಸೋಮವಾರದಿಂದ ಶನಿವಾರದವರೆಗೆ ಕನ್ನಡ ಓದಿದ ಮಗು ಭಾನುವಾರ ತನ್ನ ಸತ್ಯವೇದವನ್ನೂ ಸಂಗೀತಗಳ ಪುಸ್ತಕವನ್ನೂ ತಾನೇ ತೆರೆದು ಓದುತ್ತಿತ್ತು. ಕಾಯಿದೆಯ ತರುವಾಯದ ಇಂಗ್ಲೆಂಡಿನಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ಶ್ರಮವಿಭಜನೆ ಏರ್ಪಟ್ಟಿತ್ತು.

೫. ಹೊರನಾಡಿನ ಸ್ಥಿತಿ

ಈ ವಿಭಜನೆ ಹೊರನಾಡಿನಲ್ಲಿ ಮುರಿದುಬೀಳುತ್ತದೆ. ಬೀದರ, ಕಲಬುರಗಿ, ಧಾರವಾಡ, ಗದಗಗಳ ಕಡೆಯಿಂದ ದುಡಿಮೆಯನ್ನರಸಿ ಹೋದ ಕುಟುಂಬಗಳು ತಮ್ಮೊಡನೆ ಸತ್ಯವೇದವನ್ನೂ ಹಾಡಿನ ಪುಸ್ತಕವನ್ನೂ ಒಯ್ದವು. ಕನ್ನಡ ಶಾಲೆಯನ್ನು ಒಯ್ಯಲಾಗಲಿಲ್ಲ. ೨೦೧೧ರ ಜನಗಣತಿಯಂತೆ ಮಹಾರಾಷ್ಟ್ರವೊಂದರಲ್ಲಿಯೇ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು ಸುಮಾರು ೧೦ ಲಕ್ಷ. ಮುಂಬಯಿಯಲ್ಲಿ ಒಂದು ಕಾಲಕ್ಕೆ ತುಂಬಿದ್ದ ಕನ್ನಡ ಮಾಧ್ಯಮದ ಶಾಲೆಗಳು ಇಂದು ಮಕ್ಕಳಿಲ್ಲದೆ ಸೊರಗಿವೆ. ಮೂರನೆಯ ತಲೆಮಾರಿನ ಮಗು ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿಗಳನ್ನು ಕಲಿಯುತ್ತದೆ. ಅಜ್ಜಿಯೊಡನೆ ಕನ್ನಡ ಮಾತನಾಡುತ್ತದೆ. ಕನ್ನಡದ ಅಕ್ಷರವನ್ನು ಎಲ್ಲಿಯೂ ಕಾಣುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮುಂಬಯಿಯ ಇಂತಹ ಒಂದು ಸಭೆಗೆ ನಾವು ಹೋಗಿದ್ದೆವು. ಇಪ್ಪತ್ತೊಂದರ ಪ್ರಾಯದ ತರುಣಿಯೊಬ್ಬರು ಹದಿನೈದು ಮಕ್ಕಳ ತರಗತಿಯನ್ನು ನಡೆಸುತ್ತಿದ್ದರು. ಮಕ್ಕಳಲ್ಲಿ ಕೆಲವರು ಅವರನ್ನು ಅಕ್ಕಾ ಎನ್ನುತ್ತಿದ್ದರು, ಕೆಲವರು ದೀದಿ ಎನ್ನುತ್ತಿದ್ದರು, ಉಳಿದವರಿಗೆ ಅವರು ಟೀಚರ್. ಕಳೆದುಹೋದ ಕುರಿಯ ಕಥೆಯನ್ನು ಅವರು ಹೇಳಿದ ರೀತಿ ನಮಗೆ ಇನ್ನೂ ನೆನಪಿದೆ. ಬೀದರ ಸೀಮೆಯ ಆಡುನುಡಿ, ನಡುನಡುವೆ ಒಂದೆರಡು ಹಿಂದಿ ಮಾತು. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಹಾಡಿನ ಸಮಯ ಬಂದಾಗ ಅವರು ಒಂದು ನೋಟುಬುಕ್ಕು ತೆರೆದರು. ಕನ್ನಡದ ಹಾಡುಗಳೆಲ್ಲ ಅದರಲ್ಲಿ ದೇವನಾಗರಿ ಲಿಪಿಯಲ್ಲಿದ್ದವು. ತರಗತಿ ಮುಗಿದ ಮೇಲೆ, ಇದನ್ನು ಕನ್ನಡದಲ್ಲಿಯೇ ಬರೆದುಕೊಳ್ಳಬಹುದಲ್ಲಮ್ಮ ಎಂದು ಕೇಳಿದೆವು.

“ಮಾತಾಡ್ಲಾಕ ಬರ್ತದರಿ ಸರ್, ಹಾಡ್ಲಾಕೂ ಬರ್ತದ. ಓದ್ಲಾಕ ಬರಂಗಿಲ್ಲ. ಅಕ್ಷರ ನಮಗ ಯಾರೂ ಕಲಸಿಲ್ಲರಿ” ಎಂದರು.

ಅದರಲ್ಲಿ ದೂರಿನ ದನಿ ಇರಲಿಲ್ಲ. ಇದ್ದ ಸಂಗತಿಯನ್ನು ಹೇಳಿದ್ದರು. ಕನ್ನಡದ ಅಧ್ಯಾಪಕರಾಗಿ ಮೂರು ದಶಕ ಕಳೆದ ನಮಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಆಕೆಯ ಕೈಯಲ್ಲಿದ್ದ ಆ ಪುಸ್ತಕ ಒಂದು ಹಸ್ತಪ್ರತಿ. ಆಕೆ ಅದರ ಲಿಪಿಕಾರಳು. ಆ ಪ್ರತಿಯ ಮೂಲವನ್ನು ಓದಬಲ್ಲವರು ಆ ಸಭೆಯಲ್ಲಿ ಅರವತ್ತು ದಾಟಿದವರು ಮಾತ್ರವೆಂದು ಆಮೇಲೆ ತಿಳಿಯಿತು.

೬. ಲಿಪಿ ಹೋದರೆ ಹೋಗುವುದೇನು?

ಹಾಡು ಉಳಿದಿದೆ, ಕಥೆ ಉಳಿದಿದೆ. ಲಿಪಿ ಯಾವುದಾದರೇನು ಎಂದು ಕೇಳಬಹುದು. ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಮಧ್ಯಕಾಲೀನ ಸಾಹಿತ್ಯದ ಬಹುಭಾಗ ಓದಿನಿಂದಲ್ಲ, ಕೇಳ್ಮೆಯಿಂದ ಬದುಕಿತು. ಕೀರ್ತನೆಗಳು ನಾಲಗೆಯಿಂದ ನಾಲಗೆಗೆ ಸಾಗಿದವು. ಕುಮಾರವ್ಯಾಸನ ಭಾರತವನ್ನು ಅಕ್ಷರವರಿಯದ ಒಕ್ಕಲಿಗನೂ ಬಲ್ಲವನಾಗಿದ್ದನು. ಆದರೆ ಆ ವ್ಯವಸ್ಥೆಯ ನಡುವೆ ಒಬ್ಬ ವ್ಯಕ್ತಿ ಇರುತ್ತಿದ್ದನು: ಓಲೆಯ ಗರಿಯನ್ನು ಓದಬಲ್ಲ ಗಮಕಿ. ಊರಿಗೆಲ್ಲ ಅಕ್ಷರ ಬರಬೇಕಾಗಿರಲಿಲ್ಲ, ಗಮಕಿಗೆ ಬರಬೇಕಾಗಿತ್ತು. ಅವನು ಪಠ್ಯದತ್ತ ಮರಳಿ ಮರಳಿ ಹೋಗಿ ಮರೆವನ್ನೂ ತಪ್ಪನ್ನೂ ತಿದ್ದುತ್ತಿದ್ದನು. ಭಾನುವಾರದ ಶಾಲೆಯ ತರುಣ ಬೋಧಕರು ಹೊರನಾಡ ಸಭೆಯ ಗಮಕಿಗಳು. ಅವರೇ ಓದಲಾರದವರಾದರೆ ಪಠ್ಯಕ್ಕೆ ಮರಳುವ ದಾರಿ ಮುಚ್ಚುತ್ತದೆ.

ಲಿಪ್ಯಂತರವು ಈ ಕೊರತೆಯನ್ನು ಪೂರ್ತಿಯಾಗಿ ತುಂಬಲಾರದು. ಮರಾಠಿ, ಹಿಂದಿಗಳ ರೂಢಿಯ ದೇವನಾಗರಿಯಲ್ಲಿ ಎ, ಏಗಳ ಭೇದವೂ ಒ, ಓಗಳ ಭೇದವೂ ಇಲ್ಲ. ದೇವರಲ್ಲಿ ‘ಕೊಡು’ ಎಂದು ಬೇಡುವ ಹಾಡು ಆ ಬರೆಹದಲ್ಲಿ ‘ಕೋಡು’ ಎಂದೂ ಓದಿಸಿಕೊಳ್ಳಬಲ್ಲದು. ‘ಬೆಳೆ’ ಮತ್ತು ‘ಬೇಳೆ’ ಒಂದೇ ಆಗುತ್ತವೆ. ರೋಮನ್ ಲಿಪಿಯ ವಾಡಿಕೆಯ ಬರೆಹದಲ್ಲಿ ‘ಹಾಲು’, ‘ಹಾಳು’ಗಳಿಗೆ ವ್ಯತ್ಯಾಸ ಕಾಣದು, ‘ಮನೆ’, ‘ಮಣೆ’ಗಳೂ ಹಾಗೆಯೇ. ಹಾಡನ್ನು ಮೊದಲೇ ಬಲ್ಲವರಿಗೆ ಇದರಿಂದ ತೊಂದರೆಯಿಲ್ಲ. ಪುಸ್ತಕದಿಂದಲೇ ಕಲಿಯಬೇಕಾದ ಮುಂದಿನ ತಲೆಮಾರಿಗೆ ಇದು ದೊಡ್ಡ ತೊಡಕು.

ಇನ್ನೊಂದು ನಷ್ಟವು ಹೆಚ್ಚು ಸೂಕ್ಷ್ಮವಾದುದು. ಸತ್ಯವೇದದ ಕನ್ನಡವು ಗ್ರಾಂಥಿಕ. ಮನೆಯ ಕನ್ನಡವು ಆಡುನುಡಿ. ಕೃಪೆ, ಪಶ್ಚಾತ್ತಾಪ, ರಕ್ಷಣೆ, ಸಮಾಧಾನ ಎಂಬ ಶಬ್ದಗಳನ್ನು ಹೊರನಾಡಿನ ಮಗು ಬೇರೆಲ್ಲೂ ಕೇಳುವುದಿಲ್ಲ. ಕಥೆ ಹೇಳುವ ತರುಣರು ಪ್ರತಿ ವಾರವೂ ಈ ಎರಡು ಕನ್ನಡಗಳ ನಡುವೆ ಸೇತುವೆ ಕಟ್ಟುತ್ತಾರೆ. ಸಂಸ್ಕೃತದ ಅರ್ಥವನ್ನು ದೇಸಿಯಲ್ಲಿ ಬಿಡಿಸಿ ಹೇಳಿದ ಟೀಕಾಕಾರರ ಕೆಲಸಕ್ಕೂ ಇದಕ್ಕೂ ದೂರದ ನೆಂಟಸ್ತಿಕೆಯುಂಟು. ಆದರೆ ಗ್ರಾಂಥಿಕ ಪಠ್ಯವನ್ನು ಸ್ವತಃ ಓದಲಾರದವರು ಇಂಗ್ಲಿಷ್ ಬೈಬಲನ್ನು ಓದಿಕೊಂಡು ಬಂದು ಕನ್ನಡದಲ್ಲಿ ಕಥೆ ಹೇಳುತ್ತಾರೆ. ಆಗ ಸೇತುವೆಯ ಒಂದು ದಡವೇ ಬದಲಾಗುತ್ತದೆ. ಮಗುವಿನ ಕಿವಿಗೆ ಬೀಳಬೇಕಾಗಿದ್ದ ಶಿಷ್ಟ ಕನ್ನಡ ಬೀಳದೆ ಹೋಗುತ್ತದೆ.

೭. ತರುಣರ ಇತರ ಕಷ್ಟಗಳು

ಲಿಪಿಯ ಪ್ರಶ್ನೆಯೊಂದೇ ಅಲ್ಲ, ಈ ತರುಣರ ಹೊಣೆ ಹಲವು ಬಗೆಯದು. ಪರೀಕ್ಷೆ, ನೌಕರಿ, ವಿವಾಹಗಳ ಕಾರಣದಿಂದ ಬೋಧಕರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ; ಪಡೆದ ಅನುಭವ ಅವರೊಡನೆಯೇ ಹೊರಟುಹೋಗುತ್ತದೆ. ಮಕ್ಕಳ ಮನಸ್ಸಿನ ಬಗ್ಗೆಯಾಗಲಿ ಬೋಧನೆಯ ಬಗ್ಗೆಯಾಗಲಿ ತರಬೇತಿ ಎಲ್ಲರಿಗೂ ದೊರೆಯುವುದಿಲ್ಲ. ೨೦೧೨ರ ಪೋಕ್ಸೊ ಕಾಯಿದೆಯ ಬಳಿಕ ಮಕ್ಕಳೊಡನೆ ಕೆಲಸ ಮಾಡುವವರ ಜವಾಬ್ದಾರಿ ಹೆಚ್ಚಿದೆ. ತರಗತಿಯಲ್ಲಿ ಇಬ್ಬರು ಹಿರಿಯರಾದರೂ ಇರುವುದು, ಬೋಧಕರನ್ನು ವಿಚಾರಿಸಿಯೇ ನೇಮಿಸುವುದು, ರಜಾಶಿಬಿರಕ್ಕೆ ಬರುವ ಮಕ್ಕಳ, ವಿಶೇಷವಾಗಿ ಅನ್ಯಮತದ ಮನೆಗಳ ಮಕ್ಕಳ, ತಂದೆತಾಯಿಗಳ ಒಪ್ಪಿಗೆ ಪಡೆಯುವುದು ಇವು ಸಭೆಯ ಹಿರಿಯರು ಏರ್ಪಡಿಸಬೇಕಾದ ಕನಿಷ್ಠ ಕ್ರಮಗಳು. ತರುಣರ ಉತ್ಸಾಹವೊಂದನ್ನೇ ನಂಬಿ ಹಿರಿಯರು ಕೈತೊಳೆದುಕೊಳ್ಳುವುದು ಸರಿಯಲ್ಲ.

ಭಾಷೆಯ ವಿಷಯದಲ್ಲಿಯೂ ಹಿರಿಯರ ನಿಲುವು ಇಬ್ಬಂದಿಯದು. ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಬೋಧಕರನ್ನು ಆಕ್ಷೇಪಿಸುವವರೂ ಅವರೇ, ಮಗುವಿಗೆ ಅರ್ಥವಾಗಲೆಂದು ತರಗತಿಯನ್ನು ಇಂಗ್ಲಿಷಿಗೆ ಬದಲಿಸಿರೆಂದು ಒತ್ತಾಯಿಸುವವರೂ ಅವರೇ. ಮನೆಯೂ ಶಾಲೆಯೂ ಕಲಿಸದಿದ್ದುದನ್ನು ವಾರಕ್ಕೊಂದು ಗಂಟೆಯಲ್ಲಿ ಕಲಿಸಲಿಲ್ಲವೆಂದು ಇಪ್ಪತ್ತರ ತರುಣಿಯನ್ನು ದೂರುವುದು ನ್ಯಾಯವಲ್ಲ.

೮. ಸಾಧ್ಯತೆಗಳು

ಪರಿಹಾರ ಕಷ್ಟಸಾಧ್ಯವೆಂದು ನಮಗೆ ತೋರುವುದಿಲ್ಲ. ಮೊದಲನೆಯದಾಗಿ, ಅಕ್ಷರಾಭ್ಯಾಸವು ಮಕ್ಕಳಿಂದಲ್ಲ, ಬೋಧಕರಿಂದ ಆರಂಭವಾಗಬೇಕು. ಅವರಿಗೆ ಮಾತು ಬರುತ್ತದೆ, ನೂರಾರು ಸಾಲು ಹಾಡು ಕಂಠಸ್ಥವಾಗಿದೆ. ಬಾಯಿಗೆ ಬರುವ ಪಠ್ಯವನ್ನು ಕಣ್ಣೆದುರು ಇಟ್ಟು, ಹಾಡುತ್ತ ಹಾಡುತ್ತ ಬೆರಳಿನಿಂದ ಅಕ್ಷರವನ್ನು ತೋರಿಸುತ್ತ ಹೋದರೆ ಆ ಹಾಡೇ ಬಾಲಬೋಧೆಯಾಗುತ್ತದೆ. ಅದಾಗಲೇ ದೇವನಾಗರಿ ಬಲ್ಲವರಿಗೆ ವರ್ಣಮಾಲೆಯ ಕ್ರಮವೂ ಪರಿಚಿತ. ಸಭೆಯಲ್ಲಿ ಕನ್ನಡ ಓದಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ಇದಕ್ಕಿಂತ ಯೋಗ್ಯವಾದ ಕೆಲಸವಿಲ್ಲ.

ಎರಡನೆಯದಾಗಿ, ಕನ್ನಡ ವರ್ಣಮಾಲೆಯಲ್ಲಿರುವುದು ೪೯ ಅಕ್ಷರ. ವರ್ಷದಲ್ಲಿರುವುದು ೫೨ ಭಾನುವಾರ. ವಾರಕ್ಕೊಂದು ಅಕ್ಷರದಂತೆ, ಆ ದಿನದ ವಚನದಲ್ಲಿ ಬರುವ ಅಕ್ಷರವನ್ನೇ ಆರಿಸಿಕೊಂಡು ಹಲಗೆಯ ಮೇಲೆ ಬರೆದು ತಿದ್ದಿಸಿದರೆ ಹತ್ತು ನಿಮಿಷ ಸಾಕು. ಎರಡನೆಯ ವರ್ಷ ಕಾಗುಣಿತಕ್ಕೆ, ಮೂರನೆಯ ವರ್ಷ ಒತ್ತಕ್ಷರಕ್ಕೆ. ಆರನೆಯ ವಯಸ್ಸಿನಲ್ಲಿ ಸೇರಿದ ಮಗು ಹತ್ತು ತುಂಬುವುದರೊಳಗೆ ತನ್ನ ಪುಸ್ತಕವನ್ನು ತಾನು ಓದಬಲ್ಲುದು. ಭಾನುವಾರ ಬರೆಹ ಸಲ್ಲದೆಂದು ವಾದಿಸುವವರು ಇಂದು ಯಾರೂ ಇಲ್ಲವೆಂದು ಭಾವಿಸಿದ್ದೇವೆ.

ಮೂರನೆಯದಾಗಿ, ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳೂ ಹೊರನಾಡ ಕನ್ನಡ ಸಂಘಗಳೂ ಇಂತಹ ಬೋಧಕರಿಗೆ ರಜಾಕಾಲದಲ್ಲಿ ಕಿರು ತರಬೇತಿ ನೀಡಬಹುದು. ಇದು ಯಾವೊಂದು ಮತಕ್ಕೆ ಸೀಮಿತವಾದ ಮಾತಲ್ಲ. ಭಜನಾ ಮಂಡಳಿಗಳಲ್ಲಿ, ಬಾಲವಿಹಾರಗಳಲ್ಲಿ, ಬಸವತತ್ತ್ವದ ಮಕ್ಕಳ ಕೂಟಗಳಲ್ಲಿ ಕಲಿಸುವ ಯುವಜನರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ದಾಸರ ಪದವನ್ನು ರೋಮನ್ ಲಿಪಿಯಲ್ಲಿ ಓದಿ ಹಾಡುವ ತರುಣರನ್ನು ನಾವು ದೆಹಲಿಯಲ್ಲಿಯೂ ಕಂಡಿದ್ದೇವೆ.

ಕೊನೆಯದಾಗಿ ಸ್ವತಃ ಅಧ್ಯಯನಕಾರರಿಗೆ ಒಂದು ಸೂಚನೆ. ದೇವನಾಗರಿ, ತೆಲುಗು, ತಮಿಳು, ರೋಮನ್ ಲಿಪಿಗಳಲ್ಲಿ ಕನ್ನಡದ ಹಾಡುಗಳನ್ನು ಬರೆದಿಟ್ಟುಕೊಂಡ ಇಂತಹ ನೋಟುಬುಕ್ಕುಗಳು ಹೊರನಾಡಿನ ಸಭೆಗಳಲ್ಲಿವೆ. ಬೋಧಕರು ಬದಲಾದಾಗ ಅವು ರದ್ದಿಗೆ ಸೇರುತ್ತವೆ. ಓಲೆಗರಿಯ ಪಾಠಾಂತರಗಳನ್ನು ಪರಿಶೀಲಿಸುವ ಶ್ರದ್ಧೆಯಿಂದಲೇ ಇವನ್ನೂ ಸಂಗ್ರಹಿಸಿ ಪರಿಶೀಲಿಸಿದರೆ ಒಂದು ಭಾಷೆಯು ಲಿಪಿಯಿಂದ ಬೇರ್ಪಡುವ ಕಾಲದಲ್ಲಿ ಅದರ ಧ್ವನಿ, ಪದ, ವಾಕ್ಯಗಳಿಗೆ ಏನಾಗುತ್ತದೆ ಎಂಬುದಕ್ಕೆ ಪ್ರತ್ಯಕ್ಷ ಆಧಾರಗಳು ದೊರೆಯುತ್ತವೆ. ಅವುಗಳನ್ನು ಬರೆದವರ ಬಗೆಗೆ ನಮ್ಮಲ್ಲಿ ಗೌರವವಿರಬೇಕು. ತಮಗೆ ಯಾರೂ ಕಲಿಸದ ಭಾಷೆಯನ್ನು, ತಮಗೆ ತಿಳಿದ ಲಿಪಿಯಲ್ಲಿ, ತಮಗಿಂತ ಚಿಕ್ಕವರಿಗಾಗಿ ಉಳಿಸಿಕೊಂಡವರು ಅವರು. ಉಳಿದ ಅರ್ಧ ಕೆಲಸ ನಮ್ಮ ಪಾಲಿನದು.